ಆಡಿಯೊ ಕಥೆಯಲ್ಲಿ ಧ್ವನಿವಿನ್ಯಾಸ: ಮಳೆ ಕೇಳಿಸಬೇಕು, ಮಾತು ಮುಳುಗಬಾರದು; ಕಲಿಕೆಯನ್ನು ಎಲ್ಲಿಂದ ಆರಂಭಿಸಬೇಕು?

ಜಗಲಿಕಟ್ಟೆ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ.

ಕೆಲವು ಗೆಳೆಯರು ಸೇರಿ ಕನ್ನಡದ ಸಣ್ಣ ಕಥೆಗಳನ್ನು ಆಡಿಯೊ ರೂಪದಲ್ಲಿ ತರುವ ಕೆಲಸಕ್ಕೆ ಕೈಹಾಕಿದ್ದೇವೆ. ಶಬ್ದದ ಹೊಣೆ ನನ್ನ ಪಾಲಿಗೆ ಬಂದಿದೆ. ಈಗ ಕೈಯಲ್ಲಿರುವುದು ಆಗುಂಬೆಯ ಆಸುಪಾಸಿನ ಒಂಟಿಮನೆಯೊಂದರಲ್ಲಿ, ಆಷಾಢದ ಒಂದು ರಾತ್ರಿ ನಡೆಯುವ ಕಥೆ. ಮನೆಯಲ್ಲಿ ಇರುವವರು ಅತ್ತೆ ಮತ್ತು ಸೊಸೆ ಇಬ್ಬರೇ, ಕರೆಂಟು ಹೋಗಿದೆ, ತೀರ್ಥಹಳ್ಳಿಗೆ ಹೋದ ಮಗ ಇನ್ನೂ ಬಂದಿಲ್ಲ. ಕೊನೆಗೆ ಯಾರೋ ಅಂಗಳ ದಾಟಿ, ಜಗಲಿ ಹತ್ತಿ, ಬಾಗಿಲ ಮುಂದೆ ಬಂದು ನಿಲ್ಲುತ್ತಾರೆ. ಬಂದವರು ಯಾರೆಂಬುದನ್ನು ಕಥೆ ಹೇಳುವುದಿಲ್ಲ. ಒಟ್ಟು ಅವಧಿ ಸುಮಾರು 15 ನಿಮಿಷ.

ಕಥೆಯ ಉದ್ದಕ್ಕೂ ಮಳೆಯಿದೆ, ನನ್ನ ತೊಡಕೂ ಅಲ್ಲಿಯೇ ಇದೆ. ಸೂರಿನ ಕೆಳಗೆ ಮೈಕ್ ಹಿಡಿದು ಮುದ್ರಿಸಿಕೊಂಡ ನಿಜವಾದ ಮಳೆ, ಆಮೇಲೆ ಕೇಳಿದರೆ, ಕಾದ ಎಣ್ಣೆಗೆ ಹಪ್ಪಳ ಬಿಟ್ಟಂತೆ ಕೇಳಿಸುತ್ತದೆ. ಧ್ವನಿಸಂಗ್ರಹದಿಂದ ಇಳಿಸಿಕೊಂಡ ಮಳೆಯನ್ನು ಹಾಕಿದರೆ ಅದು ಮಳೆಯೆಂದು ತಿಳಿಯುತ್ತದೆ, ಆದರೆ ಸೊಸೆಯ ಪಿಸುಮಾತು ಅದರೊಳಗೆ ಕಾಣೆಯಾಗುತ್ತದೆ. ಮಳೆಯನ್ನು ತಗ್ಗಿಸಿದರೆ ಮಾತು ಸ್ಪಷ್ಟವಾಗುತ್ತದೆ, ಆದರೆ ಕಥೆ ಮಲೆನಾಡಿನಲ್ಲಿ ನಡೆಯುತ್ತಿದೆ ಎಂಬ ಭಾವನೆಯೇ ಹೊರಟುಹೋಗುತ್ತದೆ. ಒಂದೇ ಮಿಕ್ಸನ್ನು ಕೇಳಿದ ಇಬ್ಬರಲ್ಲಿ ಒಬ್ಬರು ಹಿನ್ನೆಲೆ ಅತಿಯಾಯಿತೆಂದರೆ ಇನ್ನೊಬ್ಬರು ಮಳೆಯೇ ಕೇಳಲಿಲ್ಲವೆಂದರು.

ನನಗೆ ತಿಳಿಯಬೇಕಾದದ್ದು ಇಷ್ಟು. ಶಬ್ದ ಕಥೆಯನ್ನು ಕಟ್ಟುವ ರೀತಿಗೆ ಏನಾದರೂ ವ್ಯಾಕರಣವಿದೆಯೇ, ಅಥವಾ ಇದು ಕೇವಲ ಕಿವಿಯ ಅಭಿರುಚಿಗೆ ಬಿಟ್ಟ ಸಂಗತಿಯೇ? ವ್ಯಾಕರಣ ಇರುವುದಾದರೆ ಅದನ್ನು ಯಾವ ಕ್ರಮದಲ್ಲಿ ಕಲಿಯಬೇಕು? ಬಾನುಲಿ ನಾಟಕಗಳ ಕಾಲದವರು ಇದನ್ನು ಹೇಗೆ ನಿಭಾಯಿಸುತ್ತಿದ್ದರು? ನಮ್ಮ ಬಳಿ ಇರುವುದು ಒಂದು ಮೈಕ್, ಒಂದು ಲ್ಯಾಪ್‌ಟಾಪ್ ಮತ್ತು ಉಚಿತ ತಂತ್ರಾಂಶ ಮಾತ್ರ.

ಹಳೆಯ ಸ್ಟುಡಿಯೊ

ಜಗಲಿಕಟ್ಟೆಯವರಿಗೆ ನಮಸ್ಕಾರ.

ಬಾನುಲಿ ನಾಟಕಗಳಿಗೆ ಬಹಳ ಕಾಲ ಎಫೆಕ್ಟ್ಸ್ ಒದಗಿಸಿ ಈಗ ನಿವೃತ್ತನಾಗಿರುವವನು ನಾನು. ನಿಮ್ಮ ಪ್ರಶ್ನೆಗೆ ಉತ್ತರಿಸುವ ಮೊದಲು ನಿಮ್ಮನ್ನೇ ಒಂದು ಪ್ರಶ್ನೆ ಕೇಳಬೇಕಾಗಿದೆ: ಕೇಳುಗನನ್ನು ನೀವು ಎಲ್ಲಿ ಕೂರಿಸಿದ್ದೀರಿ? ಅಂಗಳದಲ್ಲಿಯೋ, ಜಗಲಿಯಲ್ಲಿಯೋ, ನಡುಮನೆಯಲ್ಲಿ ಅತ್ತೆ ಸೊಸೆಯರ ಮಗ್ಗುಲಲ್ಲಿಯೋ? ನಿಮ್ಮ ಮಳೆಯನ್ನು ಮುದ್ರಿಸಿದ್ದು ಸೂರಿನ ಕೆಳಗೆ, ಮಾತನ್ನು ಮುದ್ರಿಸಿದ್ದು ಬಹುಶಃ ಮುಚ್ಚಿದ ಕೋಣೆಯಲ್ಲಿ. ಎರಡನ್ನೂ ಒಂದರ ಮೇಲೊಂದು ಇಟ್ಟರೆ ಕೇಳುಗ ಏಕಕಾಲಕ್ಕೆ ಎರಡು ಕಡೆ ನಿಂತಂತಾಗುತ್ತದೆ, ಮತ್ತು ಯಾವ ಮಟ್ಟಕ್ಕೆ ಇಟ್ಟರೂ ಅವು ಒಂದಕ್ಕೊಂದು ಹೊಂದಿಕೊಳ್ಳುವುದಿಲ್ಲ. ಹೆಚ್ಚಾಯಿತು ಎಂದವರೂ ಕಡಿಮೆಯಾಯಿತು ಎಂದವರೂ ಈ ಒಂದೇ ಕೊರತೆಯನ್ನು ಬೇರೆ ಬೇರೆ ಮಾತಿನಲ್ಲಿ ಹೇಳಿರಬಹುದು.

ಇನ್ನು ಮಳೆಯ ವಿಷಯ. ಮಳೆಗೆ ತನ್ನದೆಂಬ ಶಬ್ದ ಹೆಚ್ಚೇನೂ ಇಲ್ಲ. ನಾವು ಕೇಳುವುದು ಅದು ಬೀಳುವ ಜಾಗದ ಶಬ್ದವನ್ನು: ಹಂಚು, ತಗಡು, ಬಾಳೆ ಎಲೆ, ಅಂಗಳದ ಕೆಸರು, ಸೂರಿನ ಕೆಳಗಿಟ್ಟ ತಾಮ್ರದ ಹಂಡೆ. ಎದುರಿಗೆ ನಿಂತವನ ಕಿವಿ, ಕಣ್ಣಿನ ನೆರವಿನಿಂದ, ಇವನ್ನು ಬೇರೆ ಬೇರೆಯಾಗಿ ಆರಿಸಿಕೊಳ್ಳುತ್ತದೆ. ಮೈಕಿಗೆ ಆ ವಿವೇಚನೆ ಇಲ್ಲ. ಅದು ಸಾವಿರ ಹನಿಗಳನ್ನೂ ಒಂದೇ ಸಮನೆ ಒಟ್ಟುಗೂಡಿಸುತ್ತದೆ, ನಿಮಗೆ ಹಪ್ಪಳ ಕೇಳಿಸುತ್ತದೆ. ಆದ್ದರಿಂದ ಮಳೆಯನ್ನು ಬಿಡಿಬಿಡಿಯಾಗಿ ಕಟ್ಟಿರಿ. ದೂರದ ಕಾಡಿನ ಮೇಲೆ ಬೀಳುವ ಮಳೆಯ ಒಂದು ತೆಳು ಪದರ ಬಹಳ ಕೆಳಮಟ್ಟದಲ್ಲಿರಲಿ. ನಡುಮನೆಯೊಳಗೆ ಕೇಳುವ ಹಂಚಿನ ಮಂದ ಸದ್ದು ಅದರ ಮೇಲಿರಲಿ. ಎಲ್ಲಕ್ಕಿಂತ ಮುಖ್ಯವಾಗಿ, ಎಣಿಸಲು ಬರುವಂತಹ ಒಂದೇ ಒಂದು ಹನಿ ಹತ್ತಿರದಲ್ಲಿ ಬೀಳುತ್ತಿರಲಿ. ಆ ಹನಿಯಿಂದಲೇ ಕೇಳುಗ ಉಳಿದ ಮಳೆಯನ್ನೆಲ್ಲ ಊಹಿಸಿಕೊಳ್ಳುತ್ತಾನೆ.

ನಿಮ್ಮ ಕಥೆ ಕತ್ತಲೆಯಲ್ಲಿ ನಡೆಯುತ್ತದೆ ಎನ್ನುವುದು ಒಂದು ಅನುಕೂಲ. ರೇಡಿಯೊಗೆಂದೇ ಬರೆದ ಮೊದಲ ನಾಟಕಗಳಲ್ಲಿ ಒಂದೆಂದು ಗಣಿಸಲಾಗುವ ರಿಚರ್ಡ್ ಹ್ಯೂಸ್ ಅವರ ಕೃತಿಯನ್ನು ಬಿಬಿಸಿ 1924ರ ಜನವರಿ 15ರಂದು ಪ್ರಸಾರ ಮಾಡಿತು. ಅದು ನಡೆಯುವುದು ವೇಲ್ಸಿನ ಕಲ್ಲಿದ್ದಲ ಗಣಿಯೊಳಗೆ, ದೀಪಗಳು ಆರಿದ ಮೇಲೆ. ಪಾತ್ರಗಳಿಗೂ ಏನೂ ಕಾಣುತ್ತಿಲ್ಲ, ಕೇಳುಗನಿಗೂ ಕಾಣುತ್ತಿಲ್ಲ. ಇಬ್ಬರೂ ಕಿವಿಯನ್ನೇ ನಂಬಬೇಕು. ಹೀಗಾದಾಗ ಯಾವ ಶಬ್ದವನ್ನೂ ವಿವರಿಸಲು ಪ್ರತ್ಯೇಕ ನೆಪ ಬೇಕಾಗುವುದಿಲ್ಲ, ಏಕೆಂದರೆ ಕತ್ತಲೆಯಲ್ಲಿರುವ ಮನುಷ್ಯ ತಾನಾಗಿಯೇ ‘ಅದೇನು ಸದ್ದು?’ ಎಂದು ಕೇಳುತ್ತಾನೆ.

ನಿಜವಾದ ಶಬ್ದವೇ ಬೇಕೆಂಬ ಹಟವನ್ನೂ ಬಿಡಿ. 1957ರ ಜನವರಿಯಲ್ಲಿ ಬಿಬಿಸಿಯ ಥರ್ಡ್ ಪ್ರೋಗ್ರಾಮ್‌ನಲ್ಲಿ ಸ್ಯಾಮ್ಯುಯೆಲ್ ಬೆಕೆಟ್ ಅವರ ಮೊದಲ ರೇಡಿಯೊ ನಾಟಕ ಪ್ರಸಾರವಾದಾಗ, ನಿರ್ದೇಶಕ ಡೊನಾಲ್ಡ್ ಮೆಕ್‌ವಿನ್ನಿ ಹಳ್ಳಿಯ ಹಸು, ಕುರಿ, ಹಕ್ಕಿಗಳ ಸದ್ದುಗಳನ್ನು ಮುದ್ರಿಕೆಗಳಿಂದ ತೆಗೆದುಕೊಳ್ಳದೆ ಮನುಷ್ಯರ ಗಂಟಲಿನಿಂದ ಮಾಡಿಸಿದರು. ಇಡೀ ನಾಟಕ ರೈಲು ನಿಲ್ದಾಣಕ್ಕೆ ನಡೆದುಹೋಗುವ ಮುದುಕಿಯೊಬ್ಬಳ ಮನಸ್ಸಿನ ಮೂಲಕ ಕೇಳುವಂಥದ್ದು. ಅಲ್ಲಿ ಕೇಳುಗನಿಗೆ ಬೇಕಾದದ್ದು ಆಕೆ ಕೇಳಿದ ಹಳ್ಳಿ. ಮರುವರ್ಷ, ಅಂದರೆ 1958ರಲ್ಲಿ, ಬಿಬಿಸಿ ತನ್ನ ರೇಡಿಯೊಫೋನಿಕ್ ವರ್ಕ್‌ಷಾಪನ್ನು (ಪ್ರಸಾರಕ್ಕೆ ಬೇಕಾದ ಹೊಸ ಬಗೆಯ ಶಬ್ದಗಳನ್ನು ಸೃಷ್ಟಿಸುವ ವಿಭಾಗ) ಆರಂಭಿಸಿದ್ದಕ್ಕೆ ಇಂತಹ ನಾಟಕಗಳು ಹುಟ್ಟಿಸಿದ ಬೇಡಿಕೆಯೂ ಒಂದು ಕಾರಣ.

ನಮ್ಮಲ್ಲಿಯೂ ಈ ಕಸುಬಿಗೆ ವಯಸ್ಸಾಗಿದೆ. ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲಿ ಆರಂಭಿಸಿದ ಆಕಾಶವಾಣಿಯಿಂದ ಹಿಡಿದು, 1950ರ ಧಾರವಾಡ ಕೇಂದ್ರ, 1955ರ ಬೆಂಗಳೂರು ಕೇಂದ್ರಗಳವರೆಗೆ ಕನ್ನಡದ ಕೇಳುಗ ನಾಟಕವನ್ನು ಕಿವಿಯಿಂದಲೇ ನೋಡಿ ಬೆಳೆದವನು. ನಾನು ಕಂಡ ಸ್ಟುಡಿಯೊದಲ್ಲಿ ಗಾಲಿಗಳ ಮೇಲೆ ನಿಲ್ಲಿಸಿದ ಒಂದು ಸಣ್ಣ ಬಾಗಿಲ ಚೌಕಟ್ಟು ಇರುತ್ತಿತ್ತು. ಅದಕ್ಕೆ ಚಿಲಕ, ಅಗುಳಿ, ಸರಪಳಿ ಮೂರೂ ಇರುತ್ತಿದ್ದವು. ಕುದುರೆಗೆ ತೆಂಗಿನ ಕರಟ, ಗುಡುಗಿಗೆ ತೂಗುಹಾಕಿದ ತಗಡು, ಬೆಂಕಿಗೆ ಮುದುಡಿದ ಸೆಲೊಫೇನ್ ಹಾಳೆ. ದೂರ ಹೋಗುವ ಪಾತ್ರದ ನಟ ಮಾತನಾಡುತ್ತಲೇ ಮೈಕಿನಿಂದ ಹಿಂದಕ್ಕೆ ಹೆಜ್ಜೆ ಇಡುತ್ತಿದ್ದ, ಮುಖವನ್ನೂ ತಿರುಗಿಸುತ್ತಿದ್ದ. ಈ ಕೊನೆಯ ಅಭ್ಯಾಸವನ್ನು ಮೊದಲು ಕಲಿಯಿರಿ ಎಂದು ನನ್ನ ಸಲಹೆ. ತಂತ್ರಾಂಶ ಆಮೇಲೆ ಬರಲಿ.

ಡೆಸಿಬೆಲ್

ಹಿರಿಯರು ಅನುಭವದಿಂದ ಹೇಳಿದ ಮಾತುಗಳ ಹಿಂದೆ ಇರುವ ಭೌತಶಾಸ್ತ್ರವನ್ನು ಸ್ವಲ್ಪ ವಿವರಿಸುತ್ತೇನೆ, ಏಕೆಂದರೆ ಕಾರಣ ತಿಳಿದರೆ ಗುಂಡಿಗಳನ್ನು ಕುರುಡಾಗಿ ತಿರುಗಿಸುವುದು ತಪ್ಪುತ್ತದೆ.

ಒಂದೇ ಕ್ಷಣದಲ್ಲಿ, ಒಂದೇ ಆವರ್ತನದ ವ್ಯಾಪ್ತಿಯಲ್ಲಿ ಎರಡು ಶಬ್ದಗಳು ಬಂದರೆ ಜೋರಾದದ್ದು ಮೆಲ್ಲನೆಯದನ್ನು ಮರೆಮಾಡುತ್ತದೆ. ಇದಕ್ಕೆ ಮಾಸ್ಕಿಂಗ್ ಎನ್ನುತ್ತಾರೆ. ಮಳೆಯ ಶಕ್ತಿ ಕೇಳುವ ವ್ಯಾಪ್ತಿಯ ಬಹುಭಾಗದಲ್ಲಿ ಹರಡಿಕೊಂಡಿರುತ್ತದೆ. ಕನ್ನಡದ ಸ, ಶ ಧ್ವನಿಗಳ ಬಲ 3000–4000 ಹರ್ಟ್ಸ್‌ಗಿಂತ ಮೇಲಿದ್ದರೆ, ಲ ಮತ್ತು ಳ, ನ ಮತ್ತು ಣ ಇವುಗಳ ನಡುವಣ ವ್ಯತ್ಯಾಸವನ್ನು ಕಿವಿ ಹೆಚ್ಚಾಗಿ 2000–3000 ಹರ್ಟ್ಸ್‌ನ ಆಸುಪಾಸಿನಲ್ಲಿ ಹಿಡಿಯುತ್ತದೆ. ಮಳೆ ಈ ಎರಡು ಜಾಗಗಳನ್ನೂ ತುಂಬಿಕೊಂಡಿದ್ದರೆ ಮಾತು ಕೇಳಿದರೂ ಅರ್ಥವಾಗದ ಸ್ಥಿತಿ ಬರುತ್ತದೆ.

ಪಿಸುಮಾತಿನ ಪಾಡು ಇನ್ನೂ ಕಷ್ಟದ್ದು. ಪಿಸುಗುಟ್ಟುವಾಗ ಧ್ವನಿತಂತುಗಳು ಕಂಪಿಸುವುದಿಲ್ಲ. ಉಳಿಯುವುದು ಉಸಿರಿನ ಸರಸರ ಮಾತ್ರ. ಮಳೆಯೂ ಅದೇ ಜಾತಿಯ ಸದ್ದು. ಆದ್ದರಿಂದ ಎಷ್ಟು ಏರಿಸಿದರೂ ಅದು ಮಳೆಯಿಂದ ಬೇರ್ಪಟ್ಟು ನಿಲ್ಲುವುದಿಲ್ಲ. ನಟಿಗೆ ಪಿಸುಗುಟ್ಟಬೇಡಿ, ಮೈಕಿಗೆ ಒಂದು ಗೇಣು ದೂರದಲ್ಲಿ ತಗ್ಗಿದ ದನಿಯಲ್ಲಿ ಮಾತನಾಡಿ ಎಂದು ಹೇಳಿ. ಮುಖ್ಯವಾಗಿ ಒಂದು ದಿಕ್ಕಿನಿಂದ ಗ್ರಹಿಸುವ ಮೈಕುಗಳು ಹತ್ತಿರದ ದನಿಯ ಕೆಳಸ್ವರಗಳನ್ನು ತಾವೇ ಉಬ್ಬಿಸುತ್ತವೆ. ಆ ಆಪ್ತತೆ ಕೇಳುಗನಿಗೆ ಪಿಸುಮಾತಿನಷ್ಟೇ ಗುಟ್ಟಾಗಿ ಕೇಳುತ್ತದೆ.

ಮಳೆಯ ಟ್ರ್ಯಾಕಿನಲ್ಲಿ, ಇಕ್ವಲೈಸರ್ ಬಳಸಿ, 1500ರಿಂದ 4000 ಹರ್ಟ್ಸ್‌ವರೆಗಿನ ಭಾಗವನ್ನು ಕೆಲವು ಡೆಸಿಬೆಲ್ ಇಳಿಸಿ. ಕೇಳುಗ ಮುಚ್ಚಿದ ಮನೆಯೊಳಗಿದ್ದರೆ ಇನ್ನೂ ಮೇಲಿನ ಭಾಗವನ್ನು ಧಾರಾಳವಾಗಿ ಕತ್ತರಿಸಬಹುದು, ಏಕೆಂದರೆ ಗೋಡೆ ಮತ್ತು ಬಾಗಿಲು ಮೇಲ್ಸ್ವರಗಳನ್ನು ತಡೆದಷ್ಟು ಕೆಳಸ್ವರಗಳನ್ನು ತಡೆಯುವುದಿಲ್ಲ. ಹೀಗೆ ಮಾಡಿದಾಗ ಮಾತಿಗೆ ಜಾಗ ಸಿಗುತ್ತದೆ, ಮನೆಗೆ ಗೋಡೆಯೂ ಸಿಗುತ್ತದೆ. ಮಾತು ಬಂದಾಗಲೆಲ್ಲ ಹಿನ್ನೆಲೆಯನ್ನು ತಾನಾಗಿ ತಗ್ಗಿಸುವ ಸೌಲಭ್ಯ ತಂತ್ರಾಂಶದಲ್ಲಿ ಇರುತ್ತದೆ, ಆದರೆ ಮಳೆಯ ವಿಷಯದಲ್ಲಿ ಅದನ್ನು ನಾನು ಬಳಸುವುದಿಲ್ಲ. ಪ್ರತಿ ವಾಕ್ಯಕ್ಕೂ ಮಳೆ ಏರಿಳಿದರೆ ಆಕಾಶವೇ ನಟರ ಮರ್ಜಿ ಕಾಯುತ್ತಿದೆಯೇನೋ ಎನಿಸುತ್ತದೆ. ಕೈಯಿಂದ, ದೃಶ್ಯಕ್ಕೆ ಒಂದೆರಡು ಬಾರಿ, ನಿಧಾನವಾಗಿ ಇಳಿಸುವುದು ಒಳ್ಳೆಯದು.

ದೂರವನ್ನು ಕುರಿತು ಒಂದು ಮಾತು. ಬಯಲಿನಲ್ಲಿ ದೂರ ಇಮ್ಮಡಿಯಾದಂತೆ ನೇರವಾಗಿ ಬರುವ ಶಬ್ದ ಸುಮಾರು 6 ಡೆಸಿಬೆಲ್ ಇಳಿಯುತ್ತದೆ. ಕೋಣೆಯೊಳಗೆ ಮಾತ್ರ ಗೋಡೆಗಳಿಂದ ಮರಳುವ ಶಬ್ದ ಹೆಚ್ಚೇನೂ ಇಳಿಯದೆ ಉಳಿದುಕೊಳ್ಳುತ್ತದೆ. ಕಿವಿ ದೂರವನ್ನು ಅಳೆಯುವುದರಲ್ಲಿ ಈ ಎರಡರ ಅನುಪಾತದ ಪಾತ್ರ ದೊಡ್ಡದು. ಫೇಡರನ್ನು (ಶಬ್ದದ ಮಟ್ಟ ಏರಿಳಿಸುವ ಗುಂಡಿ) ಬರಿದೇ ಕೆಳಗೆಳೆದರೆ ಹತ್ತಿರದ ಮನುಷ್ಯ ಚಿಕ್ಕವನಾಗುತ್ತಾನೆಯೇ ಹೊರತು ದೂರ ಹೋಗುವುದಿಲ್ಲ. ನಟ ನಿಜವಾಗಿಯೂ ಹಿಂದಕ್ಕೆ ಸರಿದಾಗ ಈ ಅನುಪಾತ ತಾನಾಗಿ ಬದಲಾಗುತ್ತದೆ, ದೂರದವರನ್ನು ಕರೆಯುವ ಗಂಟಲಿನ ಒತ್ತಡವೂ ಬರುತ್ತದೆ.

ರಿವರ್ಬ್, ಅಂದರೆ ಕೋಣೆಯ ಅನುರಣನವನ್ನು ಕೃತಕವಾಗಿ ಹಾಕುವಾಗ ಸಂಯಮ ಇರಲಿ. ಮರದ ಮುಚ್ಚಿಗೆ, ಮಣ್ಣಿನ ನೆಲ, ಮೂಲೆಯಲ್ಲಿ ಭತ್ತದ ಚೀಲಗಳಿರುವ ಮನೆ ಅರ್ಧ ಸೆಕೆಂಡಿನೊಳಗೆ ಶಬ್ದವನ್ನು ನುಂಗಿಬಿಡುತ್ತದೆ. ತಂತ್ರಾಂಶದಲ್ಲಿ ಮೊದಲಿಗೆ ಸಿಗುವ ‘ಹಾಲ್’ ಆಯ್ಕೆಯನ್ನು ಒತ್ತಿದರೆ ಅತ್ತೆ ಸೊಸೆಯರು ಕಲ್ಯಾಣಮಂಟಪದಲ್ಲಿ ಕುಳಿತಿರುತ್ತಾರೆ. ಗುಡುಗಿನ ವಿಷಯದಲ್ಲಿಯೂ ದೂರವನ್ನು ನೆನಪಿಡಿ: ಹತ್ತಿರದ ಸಿಡಿಲಿಗೆ ಸೀಳುವ ಮೇಲ್ಸ್ವರವಿರುತ್ತದೆ, ದೂರದ್ದು ಬರೀ ಗುಡುಗುಡು ಎನ್ನುತ್ತದೆ. ಮಿಂಚಿಗೂ ಗುಡುಗಿಗೂ ಕಿಲೊಮೀಟರಿಗೆ ಸುಮಾರು 3 ಸೆಕೆಂಡಿನ ಅಂತರ ಇರುವುದು ನಿಜವಾದರೂ, ಮಿಂಚನ್ನು ಪಾತ್ರವೊಂದು ಬಾಯಲ್ಲಿ ಹೇಳದ ಹೊರತು ಕೇಳುಗನಿಗೆ ಆ ಅಂತರದಿಂದ ಪ್ರಯೋಜನವಿಲ್ಲ. ಮನೆಯಲ್ಲಿ ಮುದ್ರಿಸುವಾಗ ಫ್ರಿಜ್ ಮತ್ತು ಫ್ಯಾನ್ ಆರಿಸಿ. ಕರೆಂಟಿಲ್ಲದ ಕಥೆಯಲ್ಲಿ ಮೋಟರಿನ ಗುಂಯ್‌ಗುಡುವಿಕೆ ಎಲ್ಲಿಂದ ಬಂದೀತು?

ಸ್ಟೀರಿಯೊ ಮೋಹಕ್ಕೆ ಬೀಳುವವರಿಗೆ ಒಂದು ಎಚ್ಚರಿಕೆ. ಪಕ್ಕದಿಂದ ಬರುವ ಶಬ್ದ ಒಂದು ಕಿವಿಗಿಂತ ಇನ್ನೊಂದನ್ನು ಹೆಚ್ಚೆಂದರೆ 0.6–0.7 ಮಿಲಿಸೆಕೆಂಡ್ ತಡವಾಗಿ ತಲುಪುತ್ತದೆ, ಮಿದುಳು ದಿಕ್ಕನ್ನು ಗುರುತಿಸಲು ಅದನ್ನೂ ಬಳಸಿಕೊಳ್ಳುತ್ತದೆ. ಈ ಅಂತರವನ್ನು ಬಳಸಿಕೊಳ್ಳುವ ಬೈನಾರಲ್ ಮುದ್ರಣ ಹೆಡ್‌ಫೋನಿನಲ್ಲಿ ಬೆರಗು ಹುಟ್ಟಿಸುತ್ತದೆ. ಆದರೆ ನಿಮ್ಮ ಕೇಳುಗರಲ್ಲಿ ಹಲವರು ಅಡುಗೆಮನೆಯ ಕಟ್ಟೆಯ ಮೇಲೆ ಫೋನ್ ಇಟ್ಟು ಅದರ ಸ್ಪೀಕರಿನಲ್ಲಿಯೇ ಕೇಳುತ್ತಾರೆ. ಮಿಕ್ಸನ್ನು ಮೋನೊಗೆ, ಅಂದರೆ ಎಡಬಲಗಳನ್ನು ಸೇರಿಸಿದ ಒಂದೇ ಚಾನೆಲ್‌ಗೆ, ಇಳಿಸಿ ಒಮ್ಮೆ ಕೇಳಿ. ಕೃತಕವಾಗಿ ಅಗಲ ಮಾಡಿದ ಮಳೆಯ ಕೆಲವು ಭಾಗಗಳು ಎಡಬಲಗಳು ಸೇರಿದಾಗ ಒಂದನ್ನೊಂದು ಅಳಿಸಿಹಾಕುವುದುಂಟು. ಒಟ್ಟು ಪ್ರಬಲತೆಯನ್ನು ಆಪಲ್ ಪಾಡ್‌ಕಾಸ್ಟ್ಸ್ ಸೂಚಿಸುವ −16 ಎಲ್‌ಯುಎಫ್‌ಎಸ್ (ಪ್ರಬಲತೆಯನ್ನು ಅಳೆಯುವ ಮಾನ) ಆಸುಪಾಸಿಗೆ ತಂದರೆ ಕೇಳುಗರು ಪ್ರತಿ ಕಂತಿಗೂ ವಾಲ್ಯೂಮ್ ಬದಲಿಸಬೇಕಾಗುವುದಿಲ್ಲ. ಇವೆಲ್ಲಕ್ಕೂ ಉಚಿತವಾಗಿ ಸಿಗುವ ಆಡಾಸಿಟಿ ಸಾಕು.

ತಾಳಮದ್ದಳೆಯ ಕೇಳುಗ

ಚರ್ಚೆ ಬಹಳ ಉಪಯುಕ್ತವಾಗಿದೆ, ಆದರೆ ಒಂದು ಮೂಲಭೂತ ಆಕ್ಷೇಪವನ್ನು ಎತ್ತಲು ಅನುಮತಿ ಕೋರುತ್ತೇನೆ. ಕಥೆಗೆ ಈ ಶಬ್ದಗಳೆಲ್ಲ ಏಕೆ ಬೇಕು?

ನಮ್ಮ ಕರಾವಳಿ ಮತ್ತು ಮಲೆನಾಡುಗಳಲ್ಲಿ ಯಕ್ಷಗಾನದ ಆಟಗಳು ನಿಲ್ಲುವ ಮಳೆಗಾಲದಲ್ಲಿಯೇ ತಾಳಮದ್ದಳೆಗಳು ನಡೆಯುತ್ತ ಬಂದಿವೆ. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ. ಅರ್ಥಧಾರಿಗಳು ಪಂಚೆ ಶಾಲು ತೊಟ್ಟು ಕುಳಿತಲ್ಲಿಯೇ ಕುರುಕ್ಷೇತ್ರವನ್ನು ಎದುರಿಗೆ ತಂದು ನಿಲ್ಲಿಸುತ್ತಾರೆ. ಶಿವಮೊಗ್ಗದ ಬಳಿಯ ಮತ್ತೂರು, ಹೊಸಹಳ್ಳಿಗಳ ಗಮಕಿಗಳು ಕುಮಾರವ್ಯಾಸನ ಷಟ್ಪದಿಯನ್ನು ವಾಚನ ಮಾಡುವಾಗ ಬಾಣ ಹಾರಿದ ಸದ್ದನ್ನು ಯಾರೂ ಹಿಂದಿನಿಂದ ಮಾಡುವುದಿಲ್ಲ. ಕನ್ನಡದ ಗದ್ಯ ತನ್ನೊಳಗೇ ಶಬ್ದವನ್ನು ಹೊತ್ತುಕೊಂಡಿರುತ್ತದೆ. ‘ಧೋ ಎಂದು ಸುರಿಯುತ್ತಿತ್ತು’ ಎಂದು ಒಳ್ಳೆಯ ಓದುಗನೊಬ್ಬ ಓದಿದ ಮೇಲೆ, ಅದರ ಹಿಂದೆ ಧೋ ಎನ್ನುವ ಮುದ್ರಿಕೆಯನ್ನೂ ಹಾಕುವುದು ಕೇಳುಗನ ಕಲ್ಪನಾಶಕ್ತಿಯ ಮೇಲಿನ ಅಪನಂಬಿಕೆಯೇ ಸರಿ. ಇತ್ತೀಚಿನ ಹಲವು ಆಡಿಯೊ ಕಥೆಗಳಲ್ಲಿ ಬಾಗಿಲು ಎಂದೊಡನೆ ಕಿರ್ರ್ ಎನ್ನುವುದು, ಭಯ ಎಂದೊಡನೆ ಎದೆಬಡಿತ ಕೇಳಿಸುವುದು, ದುಃಖ ಎಂದೊಡನೆ ಕೊಳಲು ಬರುವುದು ನನ್ನಂಥವರಿಗೆ ಕಿರಿಕಿರಿಯನ್ನೇ ಉಂಟುಮಾಡುತ್ತದೆ.

ರೂಪಾಂತರ

ತಾಳಮದ್ದಳೆಯ ಕೇಳುಗರ ಕಿರಿಕಿರಿಯಲ್ಲಿ ನಾನೂ ಪಾಲುದಾರಳು. ಕಥೆಗಳನ್ನು ಧ್ವನಿನಾಟಕವಾಗಿ ಅಳವಡಿಸಿ ಬರೆಯುವುದು ನನ್ನ ಕೆಲಸ, ಮತ್ತು ಹೇಳಿದ್ದನ್ನೇ ಮತ್ತೆ ಹೇಳುವ ಶಬ್ದಗಳನ್ನು ಹೊಡೆದುಹಾಕುವುದರಲ್ಲಿ ನನ್ನ ಬಹಳಷ್ಟು ಹೊತ್ತು ಹೋಗುತ್ತದೆ. ಆದರೆ ಅವರು ಕೊಟ್ಟ ಉದಾಹರಣೆಯೇ ಅವರ ವಾದಕ್ಕೆ ಪೂರ್ತಿಯಾಗಿ ಒದಗುವುದಿಲ್ಲ. ತಾಳಮದ್ದಳೆಯಲ್ಲಿ ವೇಷವಿಲ್ಲ ನಿಜ, ಹಿಮ್ಮೇಳವಿದೆ. ಭಾಗವತರ ಪದ ಮುಗಿದು ಅರ್ಥ ಆರಂಭವಾದಾಗ ಮದ್ದಳೆ ಚೆಂಡೆಗಳು ಸುಮ್ಮನಾಗುತ್ತವೆ, ಶ್ರುತಿ ಮಾತ್ರ ಉಳಿಯುತ್ತದೆ. ವಾದ ತಾರಕಕ್ಕೇರಿ ಮಾತಿನಿಂದ ಮುಂದೆ ಹೋಗಲಾಗದು ಎಂಬಲ್ಲಿ ಪದ ಬರುತ್ತದೆ, ಯುದ್ಧದ ಹೊತ್ತಿಗೆ ಚೆಂಡೆ ಗುಡುಗುತ್ತದೆ. ಯಾವಾಗ ನುಡಿಸಬೇಕು, ಯಾವಾಗ ಕೈಕಟ್ಟಿ ಕೂರಬೇಕು ಎಂಬ ಈ ತಿಳಿವಳಿಕೆಗೆ ಧ್ವನಿವಿನ್ಯಾಸ ಎಂದಲ್ಲದೆ ಬೇರೆ ಏನು ಹೆಸರಿಡೋಣ? ಜಗಲಿಕಟ್ಟೆಯವರು ಕೇಳಿದ ವ್ಯಾಕರಣದ ದೊಡ್ಡ ಭಾಗ ಇಲ್ಲಿಯೇ ಇದೆ. ಶ್ರುತಿಯ ಹಾಗೆ ಮಾತಿನ ಕೆಳಗೆ ಸದಾ ಇರಬೇಕಾದದ್ದು ಅತ್ಯಲ್ಪ. ಉಳಿದದ್ದು ಮಾತು ಬಿಟ್ಟುಕೊಟ್ಟ ಜಾಗದಲ್ಲಿ ಬರಬೇಕು.

ಈ ಜಾಗವನ್ನು ಮಿಕ್ಸಿಂಗ್ ಮಾಡುವವರು ಹುಡುಕಿಕೊಳ್ಳಲಾಗದು, ಬರೆಯುವವರು ಬಿಟ್ಟಿರಬೇಕು. ಮಳೆ ಕೇಳುತ್ತದೆಯಾದರೆ ‘ಮಳೆ ಸುರಿಯುತ್ತಿತ್ತು’ ಎಂಬ ವಾಕ್ಯವನ್ನು ಕತ್ತರಿಸಿ; ವಾಕ್ಯವೇ ಸೊಗಸಾಗಿದ್ದರೆ ಅಲ್ಲಿ ಮಳೆಯನ್ನು ಕತ್ತರಿಸಿ. ಇನ್ನೊಂದು ಸಂಗತಿ: ಬಹುತೇಕ ಶಬ್ದಗಳು ಕಣ್ಣಿನ ಸಾಕ್ಷಿಯಿಲ್ಲದೆ ತಮ್ಮ ಗುರುತನ್ನು ತಾವೇ ಹೇಳಿಕೊಳ್ಳಲಾರವು. ಆದ್ದರಿಂದ ಮುಖ್ಯವಾದ ಶಬ್ದವನ್ನು ಒಮ್ಮೆ ಮಾತಿನಿಂದ ಪರಿಚಯಿಸಬೇಕು, ಆದರೆ ಪರಿಚಯಿಸುತ್ತಿದ್ದೇವೆ ಎಂದು ಗೊತ್ತಾಗಬಾರದು. ಹಳೆಯ ಸ್ಟುಡಿಯೊ ಅವರು ಹೇಳಿದ ಆ ಒಂದು ಹನಿಯನ್ನೇ ತೆಗೆದುಕೊಳ್ಳಿ:

ಅತ್ತೆ: ಹಂಡೆ ತುಂಬಿತೇನೆ ಮಾರಾಯ್ತಿ?
ಸೊಸೆ: ಈಗಷ್ಟೇ ಇಟ್ಟು ಬಂದೆ ಅತ್ತೆ. ತಳ ಇನ್ನೂ ಮುಳುಗಿಲ್ಲ.

ಇಷ್ಟಾದ ಮೇಲೆ ಆ ಹನಿ ಯಾವುದೆಂದು ಯಾರೂ ಕೇಳಬೇಕಾಗಿಲ್ಲ. ಈಗ ಅದರಿಂದ ಕೆಲಸ ತೆಗೆಸಬಹುದು. ಖಾಲಿ ಹಂಡೆಗೆ ಬೀಳುವ ಹನಿ ಲೋಹದ ಮೇಲೆ ಠಣ್ ಎನ್ನುತ್ತದೆ. ನೀರು ನಿಂತ ಮೇಲೆ ಅದೇ ಹನಿ ನೀರಿನ ಮೇಲೆ ಬೀಳುತ್ತದೆ, ಪಾತ್ರೆ ತುಂಬುತ್ತ ಒಳಗಿನ ಗಾಳಿಯ ಜಾಗ ಕುಗ್ಗಿದಂತೆ ಸ್ವರ ಮೆಲ್ಲಮೆಲ್ಲನೆ ಏರುತ್ತದೆ, ಕೊನೆಗೆ ಅಂಚು ದಾಟಿ ನೆಲಕ್ಕೆ ಚೆಲ್ಲತೊಡಗುತ್ತದೆ. ‘ಬಹಳ ಹೊತ್ತು ಕಳೆಯಿತು’ ಎಂದು ನಿರೂಪಕ ಹೇಳುವುದೇ ಬೇಡ. ಹಂಡೆ ತುಂಬಿದೆ, ಮಗ ಬಂದಿಲ್ಲ ಎಂಬುದು ಕೇಳುಗನಿಗೆ ತಾನಾಗಿ ತಿಳಿಯುತ್ತದೆ. ಅತ್ತೆ ಎದ್ದು ಹೋಗಿ ಹಂಡೆಯನ್ನು ಸರಿಸದಿರುವುದೂ ಆಕೆಯ ಮನಸ್ಥಿತಿಯನ್ನು ಹೇಳುತ್ತದೆ.

ನಿಶ್ಶಬ್ದದ ಬಗ್ಗೆ ಯಾರೂ ಇನ್ನೂ ಬರೆದಿಲ್ಲ. 1938ರ ಅಕ್ಟೋಬರ್ 30ರಂದು ಅಮೆರಿಕದ ಸಿಬಿಎಸ್ ಜಾಲದಲ್ಲಿ ಆರ್ಸನ್ ವೆಲ್ಸ್ ತಂಡ ಪ್ರಸಾರ ಮಾಡಿದ ಮಂಗಳಗ್ರಹದವರ ದಾಳಿಯ ನಾಟಕದ ಹೆಸರನ್ನು ಎಲ್ಲರೂ ಕೇಳಿರುತ್ತಾರೆ. ಊರೂರೇ ಬೆಚ್ಚಿಬಿದ್ದು ಬೀದಿಗಿಳಿಯಿತು ಎಂಬ ಕಥೆಯನ್ನು ಪತ್ರಿಕೆಗಳು ಬಹಳ ಉಬ್ಬಿಸಿದ್ದವೆಂದು ಇಂದಿನ ಇತಿಹಾಸಕಾರರು ಹೇಳುತ್ತಾರೆ; ಅದನ್ನು ಬದಿಗಿಡೋಣ. ನಮಗೆ ಕಲಿಯಲು ಇರುವುದು ಅದರ ಕಟ್ಟಡ. ನೃತ್ಯಸಂಗೀತದ ಕಾರ್ಯಕ್ರಮವನ್ನು ಸುದ್ದಿ ಮತ್ತೆ ಮತ್ತೆ ತುಂಡರಿಸುತ್ತದೆ. ಸ್ಥಳದಿಂದ ವರದಿ ಮಾಡುವ ಪಾತ್ರದ ನಟ ಫ್ರಾಂಕ್ ರೀಡಿಕ್, 1937ರ ಹಿಂಡನ್‌ಬರ್ಗ್ ವಾಯುನೌಕೆಯ ದುರಂತವನ್ನು ಕಣ್ಣಾರೆ ಕಂಡು ವರದಿ ಮಾಡಿದವರ ಮುದ್ರಿಕೆಯನ್ನು ಕೇಳಿ ದನಿಯನ್ನು ಸಿದ್ಧಮಾಡಿಕೊಂಡಿದ್ದರು. ಜನರ ಕೂಗಾಟ ಏರುತ್ತಿರುವಾಗ ಆತನ ಮಾತು ನಡುವೆ ಕಡಿದುಹೋಗುತ್ತದೆ, ಕೆಲವು ಸೆಕೆಂಡು ಏನೂ ಇಲ್ಲ. ಆ ಖಾಲಿ ಕ್ಷಣ ಭಯ ಹುಟ್ಟಿಸುವುದು ಅದರ ಹಿಂದೆ ಅಷ್ಟು ಗದ್ದಲ ತುಂಬಿದ್ದುದರಿಂದ. ಮೊದಲಿನಿಂದಲೂ ಸಪ್ಪೆಯಾಗಿರುವ ಕಥೆಯಲ್ಲಿ ಮೌನ ಬಂದರೆ ಫೋನ್ ಕೈಕೊಟ್ಟಿತೆಂದೇ ಕೇಳುಗ ತಿಳಿಯುತ್ತಾನೆ.

ನಿಮ್ಮ ಕಥೆಗೆ ಪೂರ್ಣ ಮೌನ ಹೊಂದುವುದಿಲ್ಲ. ಆದರೆ ಆಷಾಢದಲ್ಲಿಯೂ ಮಳೆ ನಡುನಡುವೆ ಹೊಳವಾಗುತ್ತದೆ. ಹಂಚಿನ ಮೇಲಿನ ಸದ್ದು ಕ್ಷೀಣಿಸಿ, ಸೂರಿನ ಹನಿಯೂ ಕಪ್ಪೆಗಳೂ ಮಾತ್ರ ಉಳಿದ ಆ ಬಿಡುವನ್ನು ಅಂಗಳದ ಹೆಜ್ಜೆಗಳಿಗೆ ಮೀಸಲಿಡಿ. ಮಾತಿಗಾಗಿ ಮಳೆಯನ್ನು ತಗ್ಗಿಸುವ ಬದಲು ಕಥೆಯೇ ಮಳೆಯನ್ನು ನಿಲ್ಲಿಸಿದಂತಾಗುತ್ತದೆ.

ಜಗಲಿಕಟ್ಟೆ

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಕೇಳುಗನನ್ನು ನಡುಮನೆಯಲ್ಲಿ, ಸೊಸೆಯ ಎಡಗಡೆ ಕೂರಿಸುವುದೆಂದು ತೀರ್ಮಾನಿಸಿದೆವು. ಅದಾದ ಮೇಲೆ ಅನೇಕ ಪ್ರಶ್ನೆಗಳು ತಾವಾಗಿ ಬಗೆಹರಿದವು. ಗಾಳಿ, ಜೀರುಂಡೆ, ದೂರದ ನಾಯಿ ಮುಂತಾಗಿ ಗುಡ್ಡೆಹಾಕಿಕೊಂಡಿದ್ದ ಹಲವು ಟ್ರ್ಯಾಕುಗಳನ್ನು ತೆಗೆದುಹಾಕಿದೆವು. ಸೊಸೆಯ ಮಾತನ್ನು ತಗ್ಗಿದ ದನಿಯಲ್ಲಿ ಮತ್ತೆ ಮುದ್ರಿಸಿದೆವು, ಮಳೆಯ ಮೇಲ್ಸ್ವರಗಳನ್ನು ಇಳಿಸಿದೆವು. ಎರಡೂ ಈಗ ಒಟ್ಟಿಗೆ ಬಾಳುತ್ತಿವೆ. ಹಂಡೆಯ ಸಲಹೆಯನ್ನು ಲೇಖಕರು ಸಂತೋಷದಿಂದ ಒಪ್ಪಿಕೊಂಡರು.

ಉಳಿದಿರುವುದು ಕೊನೆಯ ಹೆಜ್ಜೆಗಳ ಪ್ರಶ್ನೆ. ಬಂದದ್ದು ಮಗನೇ, ಬೇರೆಯವರೇ ಎಂಬುದು ತಿಳಿಯಬಾರದು. ಆದರೆ ಹೆಜ್ಜೆಗೆ ಭಾರವಿದೆ, ವೇಗವಿದೆ, ಚಪ್ಪಲಿಯಿದೆ. ಎಲ್ಲವೂ ಏನಾದರೊಂದನ್ನು ಹೇಳಿಬಿಡುತ್ತದೆ. ಸುಳ್ಳು ಹೇಳದೆ ಸಂದೇಹವನ್ನು ಉಳಿಸುವುದು ಹೇಗೆ? ಹಿನ್ನೆಲೆಗೆ ತಂಬೂರಿಯ ಒಂದು ಎಳೆಯನ್ನು ತರಬಹುದೆಂಬ ಸಲಹೆಯೂ ನಮ್ಮಲ್ಲಿ ಬಂದಿದೆ.

ಹಳೆಯ ಸ್ಟುಡಿಯೊ

ತಂಬೂರಿ ಬೇಡ. ಅಲ್ಲಿಯವರೆಗೆ ಮನೆಯೊಳಗೆ ಕುಳಿತಿದ್ದ ಕೇಳುಗನಿಗೆ, ಇದೊಂದು ಕಾರ್ಯಕ್ರಮ ಎಂದು ಅದು ನೆನಪಿಸುತ್ತದೆ.

ಹೆಜ್ಜೆಯ ಗುರುತು ಇರುವುದು ಮುಖ್ಯವಾಗಿ ಲಯದಲ್ಲಿ ಮತ್ತು ಪಾದರಕ್ಷೆಯಲ್ಲಿ. ಕಥೆಯ ಆರಂಭದಲ್ಲಿ ಮಗ ಹೊರಡುವ ದೃಶ್ಯ ಇದ್ದರೆ ಅಲ್ಲಿ ಅವನ ಹವಾಯಿ ಚಪ್ಪಲಿಯ ಪಟಪಟ ಸದ್ದನ್ನು ಚೆನ್ನಾಗಿ ಕೇಳಿಸಿಬಿಡಿ. ಕೊನೆಯಲ್ಲಿ ಬರುವ ಹೆಜ್ಜೆಗಳಿಗೆ ಅದೇ ಲಯವನ್ನು ಕೊಡಿ, ಆದರೆ ಬರಿಗಾಲಿನದಾಗಿರಲಿ. ಕೆಸರಿನಲ್ಲಿ ಚಪ್ಪಲಿ ಕಿತ್ತುಹೋಗಿ ಮಗನೇ ಬರಿಗಾಲಿನಲ್ಲಿ ಬಂದಿರಬಹುದು, ಬೇರೆ ಯಾರಾದರೂ ಆಗಿರಬಹುದು. ಎರಡು ಸುಳಿವುಗಳು ಎರಡು ದಿಕ್ಕಿಗೆ ಎಳೆಯುತ್ತವೆ, ಎರಡೂ ನಿಜವೇ. ಅಂಗಳದ ಕೆಸರಿಗೆ ಒದ್ದೆ ಗೋಣಿಚೀಲವನ್ನು ಹಾಸಿ ಅದರ ಮೇಲೆ ನಡೆಯಿರಿ, ಮೆಟ್ಟಿಲಿಗೆ ಕಲ್ಲಿನ ಚಪ್ಪಡಿ, ಜಗಲಿಗೆ ಸಾಧಾರಣ ಸಿಮೆಂಟಿನ ನೆಲ ಸಾಕು. ನೆಲ ಹೀಗೆ ಎರಡು ಬಾರಿ ಬದಲಾದರೆ ಬರುವವರು ಎಷ್ಟು ಹತ್ತಿರವಾದರೆಂದು ಕೇಳುಗನಿಗೆ ಮಾತಿಲ್ಲದೆ ತಿಳಿಯುತ್ತದೆ. ನಡೆಯುವವರು ನಿಜವಾಗಿ ಹೊರಗೆ ನಡೆಯಲಿ, ಮೈಕ್ ಮುಚ್ಚಿದ ಬಾಗಿಲಿನ ಒಳಗೆ, ಕುಳಿತವರ ಕಿವಿಯ ಎತ್ತರದಲ್ಲಿರಲಿ. ಕಾಲಿನ ಬಳಿ ಮೈಕ್ ಇಟ್ಟು ಮುದ್ರಿಸಿ ಆಮೇಲೆ ತಗ್ಗಿಸಿದರೆ ಡೆಸಿಬೆಲ್ ಅವರು ಹೇಳಿದ ಚಿಕ್ಕ ಮನುಷ್ಯ ಬಂದುಬಿಡುತ್ತಾನೆ.

ಹೆಜ್ಜೆ ನಿಂತ ಮೇಲೆ ಬಾಗಿಲು ತಟ್ಟುವ ಸದ್ದು ಬೇಡ, ಒಳಗಿನಿಂದ ಚಿಲಕ ತೆಗೆಯುವ ಸದ್ದೂ ಬೇಡ. ಸೊಸೆ ಉಸಿರು ಹಿಡಿದದ್ದು ಕೇಳಿದರೆ ಸಾಕು. ಹನಿ ಬೀಳುತ್ತಿರಲಿ, ಒಂದೆರಡು ಉಸಿರಿನಷ್ಟು ಹೊತ್ತು ಬಿಟ್ಟು ಎಲ್ಲವನ್ನೂ ಒಟ್ಟಿಗೆ ಕತ್ತರಿಸಿ. ಮೆಲ್ಲಗೆ ಫೇಡ್ ಮಾಡಿದರೆ ನಿರೂಪಕ ಕೇಳುಗನ ಕೈಹಿಡಿದು ಮನೆಯಿಂದ ಹೊರಗೆ ಕರೆದೊಯ್ದಂತಾಗುತ್ತದೆ.

ಡೆಸಿಬೆಲ್

ಕತ್ತರಿಸುವ ಜಾಗದಲ್ಲಿ 10 ಮಿಲಿಸೆಕೆಂಡಿನಷ್ಟು ಸಣ್ಣ ಫೇಡ್ ಇಡಿ, ಇಲ್ಲವಾದರೆ ಟಕ್ ಎಂಬ ಅನಗತ್ಯ ಸದ್ದು ಬರುತ್ತದೆ. ಅಷ್ಟು ಚಿಕ್ಕದು ಫೇಡ್ ಎಂದು ಯಾರ ಕಿವಿಗೂ ತಿಳಿಯುವುದಿಲ್ಲ. ಧ್ವನಿಸಂಗ್ರಹದಿಂದ ತೆಗೆದುಕೊಂಡದ್ದು ಮಿಕ್ಸಿನಲ್ಲಿ ಇನ್ನೂ ಉಳಿದಿದ್ದರೆ ಅದರ ಪರವಾನಗಿಯನ್ನು ನೋಡಿಕೊಳ್ಳಿ. ಫ್ರೀಸೌಂಡ್‌ನಂತಹ ತಾಣದಲ್ಲಿ ಸಿಸಿ0 (ಸಿಸಿ ಅಂದರೆ ಕ್ರಿಯೇಟಿವ್ ಕಾಮನ್ಸ್) ಎಂದಿರುವ ಕಡತಗಳಿಗೆ ಯಾವ ಷರತ್ತೂ ಇಲ್ಲ, ಸಿಸಿ ಬಿವೈ ಎಂದಿದ್ದರೆ ಮುದ್ರಿಸಿದವರ ಹೆಸರನ್ನು ವಿವರಣೆಯಲ್ಲಿ ಕೊಡಬೇಕು, ಎನ್‌ಸಿ ಎಂದಿದ್ದರೆ ವಾಣಿಜ್ಯ ಬಳಕೆಗೆ ಅವಕಾಶವಿಲ್ಲ. ಮುಂದೆ ಜಾಹೀರಾತು ತೆಗೆದುಕೊಳ್ಳುವ ಯೋಚನೆಯಿದ್ದರೆ ಅಂಥದ್ದನ್ನು ಈಗಲೇ ಬದಲಿಸಿ. ನೀವೇ ಮುದ್ರಿಸಿದ ಹಂಡೆ, ಹಂಚು, ಹೆಜ್ಜೆಗಳ ಮೂಲ ಕಡತಗಳನ್ನು 48 ಕಿಲೊಹರ್ಟ್ಸ್, 24 ಬಿಟ್ ವೇವ್ ರೂಪದಲ್ಲಿ, ಸ್ಥಳ ಮತ್ತು ಮೈಕಿನ ದೂರವನ್ನು ಹೆಸರಿನಲ್ಲಿಯೇ ನಮೂದಿಸಿ ಇಟ್ಟುಕೊಳ್ಳಿ.